ಟೋಪಿ ಹಾಕಿದ್ದು ಯಾರಿಗೆ?

ಈ ವಾರ ಟೋಪಿಯ ಲೆಕ್ಕ ನೋಡೋಣ.

‘ಟೋಪಿ ಹಾಕುವುದು’ ಅಂದರೆ ನಮ್ಮಲ್ಲಿ ಏನರ್ಥ ಅಂತ ನಿಮಗೆ ಹೇಳಿಕೊಡಬೇಕಾಗಿಲ್ಲ. 34 ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕೂತವನು ನಾನು. ಹರಿದ ನೋಟನ್ನು ಮಡಿಸಿ ಕೊಟ್ಟವರನ್ನೂ, ಒಂದು ಸೊನ್ನೆ ಹೆಚ್ಚು ಬರೆದು ಚಲನ್ ಕೊಟ್ಟವರನ್ನೂ ಹಿಡಿದಿದ್ದೇನೆ. ನನಗೆ ಟೋಪಿ ಹಾಕುವುದು ಅಷ್ಟು ಸುಲಭವಲ್ಲ ಎಂಬ ಜಂಬ ಇತ್ತು. ಹಿಂದಿನ ವರ್ಷ 12 ಟೋಪಿಗಳಿಂದಾಗಿ ಆ ಜಂಬ ಇಳಿಯಿತು. ಟೋಪಿ ಹಾಕಿದ್ದು ಯಾರು, ಹಾಕಿಸಿಕೊಂಡದ್ದು ಯಾರು ಅಂತ ಲೆಕ್ಕ ಮುಗಿಯುವ ಹೊತ್ತಿಗೆ ನಿಮಗೇ ಗೊತ್ತಾಗುತ್ತದೆ.

ನಮ್ಮ ತ್ಯಾವಣಿಗೆಯಲ್ಲಿ ಭದ್ರಾ ನಾಲೆ ನೀರಿನ ಗದ್ದೆ, ಅಡಿಕೆ ತೋಟ ಇವೇ ಮಾತು. ಆದರೆ ನವೆಂಬರ್ ಬಂತೆಂದರೆ ಮಕ್ಕಳಿರುವ ಮನೆಗಳಲ್ಲಿ ಬೇರೆ ಮಾತು ಶುರುವಾಗುತ್ತದೆ. ರಾಜ್ಯೋತ್ಸವಕ್ಕೆ ಒನಕೆ ಓಬವ್ವ, ಕನಕ ಜಯಂತಿಗೆ ಕಂಬಳಿ ಹೊದ್ದ ಕನಕದಾಸರು, ಡಿಸೆಂಬರಿನಲ್ಲಿ ಶಾಲಾ ವಾರ್ಷಿಕೋತ್ಸವಕ್ಕೆ ಛದ್ಮವೇಷ. ಹಿಂದಿನ ವರ್ಷ ನಮ್ಮ ಮೊಮ್ಮಗಳಿಗೆ ಮಾಂತ್ರಿಕಳಾಗುವ ಆಸೆ ಬಂತು. ಹ್ಯಾರಿ ಪಾಟರ್ ಸಿನಿಮಾದಲ್ಲಿ ಇರುತ್ತದಲ್ಲ, ಅಗಲ ಅಂಚು, ಉದ್ದ ಚೂಪು ತುದಿ, ತುದಿಯಲ್ಲಿ ಸ್ವಲ್ಪ ಡೊಂಕು, ಅಂಥ ಕರಿ ಟೋಪಿ ಬೇಕಂತೆ.

“ಅಜ್ಜೀ, ಪಾಪುಗಳಿಗೆ ಕುಲಾವಿ ಹೆಣೀತೀಯಲ್ಲ, ಹಂಗೇ ದೊಡ್ಡದು ಮಾಡು.”

ನಮ್ಮಾಕೆ ಹೆಣಿಗೆ ಕಡ್ಡಿ ಹಿಡಿದು 45 ವರ್ಷವಾಗಿದೆ. ನಮ್ಮ ಬೀದಿಯಲ್ಲಿ ಹುಟ್ಟಿದ ಕೂಸುಗಳ ಪೈಕಿ ಆಕೆ ಹೆಣೆದ ಕುಲಾವಿ ಹಾಕಿಕೊಳ್ಳದವು ಕಡಿಮೆ. ಆಗಲಿ ಅಂದಳು. ಶಾಲೆಗೆ ಸುದ್ದಿ ಹೋಯಿತು. ಅಲ್ಲಿ ಮೇಷ್ಟ್ರು ಒಂದು ಮಾಂತ್ರಿಕರ ನಾಟಕ ಬರೆದಿದ್ದರಂತೆ. ಒಂದು ಸಂಜೆ ನಮ್ಮ ಜಗಲಿಗೆ ಬಂದು ಕೂತರು.

“ಸಾರ್, 12 ಟೋಪಿ ಬೇಕಿತ್ತು. ಒಂದಕ್ಕೆ ಎಷ್ಟಾಗುತ್ತೆ?”

ಹೆಣೆಯುವವಳು ಒಳಗೆ ಕಾಫಿ ಸೋಸುತ್ತಿದ್ದಳು. ಉತ್ತರ ಕೊಟ್ಟವನು ಹೊರಗೆ ಕೂತ ಬಿಕಾಂ ಪದವೀಧರ. ದಾರಕ್ಕೆ ಒಂದಿನ್ನೂರು ಆದೀತು, ಮೇಲೆ ನೂರು ಲಾಭ ಇರಲಿ ಅಂತ ಮನಸ್ಸಿನಲ್ಲೇ ಕೂಡಿಸಿ, “300 ಕೊಡಿ ಮೇಷ್ಟ್ರೇ” ಅಂದೆ. ಅವರು ಮರುಮಾತಿಲ್ಲದೆ ಒಪ್ಪಿದರು. ಕೇಳಿದವರು ಚೌಕಾಸಿ ಮಾಡದೆ ಒಪ್ಪಿದರೆ ಹೇಳಿದ ಬೆಲೆಯಲ್ಲೇ ಏನೋ ತಪ್ಪಿದೆ ಅಂತ ಅನುಮಾನ ಬರಬೇಕಿತ್ತು. ಬರಲಿಲ್ಲ.

ಕೆಲಸ ಶುರುವಾಯಿತು. ಬರೀ ಹೆಣೆದ ಟೋಪಿ ನೆಟ್ಟಗೆ ನಿಲ್ಲುವುದಿಲ್ಲ, ನೆನೆದ ಚೀಲದ ಹಾಗೆ ಜೋತು ಬೀಳುತ್ತದೆ. ಅದು ನಿಲ್ಲಬೇಕಾದರೆ ಹೆಣೆದಾದ ಮೇಲೆ ಬಿಸಿ ಸೋಪಿನ ನೀರಿನಲ್ಲಿ ಉಜ್ಜಿ ಉಜ್ಜಿ ಗಟ್ಟಿ ಮಾಡಬೇಕು. ಆಗ ಕುಣಿಕೆಗಳು ಕಾಣದಂತೆ ಒಂದರೊಳಗೊಂದು ಸೇರಿ ದಪ್ಪ ಹಾಳೆಯಂತಾಗುತ್ತವೆ. ಇದಕ್ಕೆ ಫೆಲ್ಟ್ ಅನ್ನುತ್ತಾರೆ. ಬೈರಾಗಿಗಳ ತಲೆ ಜಡೆಗಟ್ಟುತ್ತದಲ್ಲ, ಹೆಚ್ಚುಕಡಿಮೆ ಅದೇ ಸಂಗತಿ.

ಮೊದಲ ಟೋಪಿಗೆ ಅಂಗಡಿಯಿಂದ ಉಲ್ಲನ್ ದಾರ ತಂದೆವು. ಹೆಣೆದಳು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿಸಿನೀರು ಹೊಯ್ದು ನಾನೂ ಆಕೆಯೂ ಸರದಿಯಲ್ಲಿ ಒಂದು ಗಂಟೆ ಉಜ್ಜಿದೆವು. ನಮ್ಮ ಅಂಗೈ ಕೆಂಪಾಯಿತು, ಟೋಪಿ ಇದ್ದ ಹಾಗೇ ಇತ್ತು. ಆಮೇಲೆ ತಿಳಿಯಿತು, ಅದು ಕುರಿಯ ಉಣ್ಣೆಯೇ ಅಲ್ಲ, ಅಕ್ರಿಲಿಕ್. ಕಾರ್ಖಾನೆಯಲ್ಲಿ ತಯಾರಾಗುವ ಒಂದು ಬಗೆಯ ಪ್ಲಾಸ್ಟಿಕ್ ಎಳೆ. ಅಂಗಡಿಯಲ್ಲಿ ಎರಡನ್ನೂ ‘ಉಲ್ಲನ್’ ಅಂತಲೇ ಕರೆಯುತ್ತಾರೆ.

ಇವುಗಳ ವ್ಯತ್ಯಾಸ ತಿಳಿಯಲು ಒಂದು ಪರೀಕ್ಷೆ ಇದೆ. ಮಕ್ಕಳು ಇದನ್ನು ದೊಡ್ಡವರ ಕೈಲೇ ಮಾಡಿಸಬೇಕು. ಒಂದಿಂಚು ದಾರವನ್ನು ಇಕ್ಕಳದಲ್ಲಿ ಹಿಡಿದು ದೀಪಕ್ಕೆ ತೋರಿಸಿ. ಕುರಿಯ ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಬೆರಳಲ್ಲಿ ಹಿಸುಕಿದರೆ ಪುಡಿಯಾಗುವ ಬೂದಿ ಉಳಿಯುತ್ತದೆ. ಅಕ್ರಿಲಿಕ್ ಆದರೆ ಕರಗಿ, ಆರಿದ ಮೇಲೆ ಗಟ್ಟಿ ಮಣಿಯಾಗುತ್ತದೆ.

ಕುರಿಯ ಉಣ್ಣೆ ಮಾತ್ರ ಯಾಕೆ ಹೀಗೆ ಕುಗ್ಗುತ್ತದೆ? ಉಣ್ಣೆಯ ಎಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದರ ಮೈಮೇಲೆ ಮನೆಯ ಹಂಚು ಹೊದಿಸಿದಂತೆ ಒಂದರ ಮೇಲೊಂದು ಪುಟ್ಟ ಹುರುಪೆಗಳಿರುತ್ತವೆ. ಬಿಸಿ ಸೋಪು ನೀರು ತಗಲಿದರೆ ಇವು ಸ್ವಲ್ಪ ಎದ್ದು ನಿಲ್ಲುತ್ತವೆ. ನೀವು ಮುಳ್ಳುಮುಳ್ಳಿನ ಹುಲ್ಲಿನ ತೆನೆಯನ್ನು ಅಂಗಿಯ ತೋಳಿನೊಳಗೆ ಬಿಟ್ಟು ಆಡಿದ್ದೀರಲ್ಲ? ಕೈ ಅಲ್ಲಾಡಿಸಿದಷ್ಟೂ ಅದು ಮೇಲೇ ಹತ್ತುತ್ತದೆ, ವಾಪಸು ಇಳಿಯುವುದಿಲ್ಲ. ಉಣ್ಣೆಯ ಎಳೆಯೂ ಹಾಗೆಯೇ. ಉಜ್ಜಿದಾಗ ಒಂದೇ ಕಡೆಗೆ ಸರಿಯುತ್ತದೆ, ಪಕ್ಕದ ಎಳೆಗೆ ಸಿಕ್ಕಿಕೊಳ್ಳುತ್ತದೆ, ಹಿಂದೆ ಬರುವುದಿಲ್ಲ. ಆದ್ದರಿಂದಲೇ ಒಮ್ಮೆ ಕುಗ್ಗಿದ ಉಣ್ಣೆಯ ಸ್ವೆಟರ್ ಮತ್ತೆ ಹಿಗ್ಗದು. ಅಕ್ರಿಲಿಕ್ ಎಳೆಗೆ ಈ ಹುರುಪೆಗಳೇ ಇಲ್ಲ.

ಇನ್ನು ನಿಜವಾದ ಉಣ್ಣೆ ಎಲ್ಲಿಂದ ತರುವುದು? ಆಗ ನನಗೆ ಚಳ್ಳಕೆರೆ ನೆನಪಾಯಿತು. ಎಂಬತ್ತರ ದಶಕದಲ್ಲಿ ನಾನು ಆ ಕಡೆಯ ಒಂದು ಶಾಖೆಯಲ್ಲಿದ್ದೆ. ಅಲ್ಲಿ ಕುರಿ, ಕಂಬಳಿ ಇವೇ ಬದುಕು. ಹಳೆಯ ಪರಿಚಯ ಹಿಡಿದು ಒಂದು ನೇಕಾರರ ಮನೆಯಿಂದ ಕರಿ ಕುರಿಯ ನೂಲು ತರಿಸಿದೆವು. ಬಣ್ಣ ಹಾಕುವ ಕೆಲಸವೇ ಇಲ್ಲ, ಕುರಿಯದೇ ಬಣ್ಣ. ಆದರೆ ಅದು ಒರಟು ಉಣ್ಣೆ, ಬೇಗ ಜಡೆಗಟ್ಟುವುದಿಲ್ಲ, ಮಕ್ಕಳ ಹಣೆಗೆ ಚುಚ್ಚುತ್ತದೆ ಕೂಡ. ನಮ್ಮಾಕೆ ಆ ನೂಲಿನ ಒಂದು ಎಳೆಗೆ ಮೆತ್ತನೆ ಉಣ್ಣೆಯ ಇನ್ನೊಂದು ಎಳೆ ಸೇರಿಸಿ ಹೆಣೆದಳು, ಒಳಗೆ ಹತ್ತಿ ಬಟ್ಟೆಯ ಅಸ್ತರಿ ಕೊಟ್ಟಳು. ಉಜ್ಜಿದ ಮೇಲೆ ಸುಮಾರು ಕಾಲುಭಾಗ ಕುಗ್ಗುತ್ತದೆ, ಅಗಲಕ್ಕಿಂತ ಉದ್ದ ಹೆಚ್ಚು ಕುಗ್ಗುತ್ತದೆ. ಹಾಗಾಗಿ ಮೊದಲು ಮೊಮ್ಮಗಳ ಭುಜದವರೆಗೆ ಇಳಿಯುವಷ್ಟು ದೊಡ್ಡದಾಗಿ ಹೆಣೆಯಬೇಕು. ಕುಗ್ಗಿದ ಮೇಲೆ ಬೋರಲು ಹಾಕಿದ ಪಾತ್ರೆಗೆ ತೊಡಿಸಿ, ಚೂಪು ಭಾಗಕ್ಕೆ ಪತ್ರಿಕೆ ಸುತ್ತಿ ತುರುಕಿ, ನೆರಳಲ್ಲಿ ಎರಡು ದಿನ ಒಣಗಿಸಬೇಕು. ಒಣಗಿದರೆ ಬಡಿದರೂ ಆಕಾರ ಕೆಡದು.

ಟೋಪಿ ಒಣಗಲು ಇಟ್ಟಿದ್ದನ್ನು ನೋಡಿ ಗದ್ದೆ ಕೆಲಸಕ್ಕೆ ಹೊರಟಿದ್ದ ಅಜ್ಜಿಯೊಬ್ಬರು ನಿಂತು ನಕ್ಕರು.

“ಇದೇನ್ರೀ, ಕಂಬಳಿ ಕೊಪ್ಪೆ ಇದ್ದಂಗೈತಿ!”

ನಿಜವಲ್ಲವೇ? ಮಳೆಯಲ್ಲಿ ಕಂಬಳಿಯ ಒಂದು ತುದಿಯನ್ನು ಮಡಿಸಿ ತಲೆಯ ಮೇಲೆ ಚೂಪಾಗಿ ನಿಲ್ಲುವಂತೆ ಹೊದ್ದುಕೊಂಡರೆ ಅದೇ ಕೊಪ್ಪೆ. ಈಗ ಪ್ಲಾಸ್ಟಿಕ್ ಹಾಳೆಯ ಕೊಪ್ಪೆ ಬಂದಿದೆ, ಆದರೆ ನನ್ನ ಬಾಲ್ಯದಲ್ಲಿ ಮಳೆಗಾಲದ ಗದ್ದೆ ಬಯಲಿನಲ್ಲಿ ಸಾಲಾಗಿ ಕಂಬಳಿ ಕೊಪ್ಪೆಗಳು ಬಗ್ಗಿ ನಾಟಿ ಮಾಡುತ್ತಿದ್ದವು. ಮಾಂತ್ರಿಕರ ಟೋಪಿ ವಿಲಾಯಿತಿಯದು ಅಂದುಕೊಂಡಿದ್ದ ಮೊಮ್ಮಗಳಿಗೆ ಇದು ಆಶ್ಚರ್ಯ.

ಹೆಣೆದು ಕುಗ್ಗಿಸುವ ಟೋಪಿ ಹೊರಗಿನ ನಾಡುಗಳಲ್ಲೂ ಹಳೆಯದೇ. ಆಫ್ರಿಕದ ಟುನೀಸಿಯಾದಲ್ಲಿ ‘ಶೆಶಿಯಾ’ ಎಂಬ ಕೆಂಪು ಟೋಪಿ ಇದೆ. ಹೆಂಗಸರು ಮನೆಯಲ್ಲಿ ಬಿಳಿ ಉಣ್ಣೆಯಲ್ಲಿ ತಲೆಗಿಂತ ಬಹಳ ದೊಡ್ಡದಾಗಿ ಹೆಣೆಯುತ್ತಾರೆ. ಆಮೇಲೆ ಅದನ್ನು ಬಿಸಿನೀರು, ಸೋಪಿನಲ್ಲಿ ಕುಗ್ಗಿಸಿ, ಮೇಲ್ಮೈ ಬಾಚಿ, ಕೆಂಪು ಬಣ್ಣ ಹಾಕಿ, ಟುನಿಸ್ ನಗರದ ಪೇಟೆಯಲ್ಲಿ ಮಾರುತ್ತಾರೆ. ಫ್ರಾನ್ಸ್, ಸ್ಪೇನ್ ಗಡಿಯ ಬಾಸ್ಕ್ ಜನರ ಬೆರೆ ಟೋಪಿಯೂ ಹೀಗೆ ಹೆಣೆದು ಕುಗ್ಗಿಸಿದ್ದೇ. ನಮ್ಮ ಕಾಶ್ಮೀರದ ನಮದಾ ಹಾಸು ಹೆಣೆಯದೆ, ಬರೀ ಉಣ್ಣೆ ಹರಡಿ ಜಡೆಗಟ್ಟಿಸಿದ ಫೆಲ್ಟ್.

ಅಂತೂ 12 ಟೋಪಿ ತಯಾರಾದವು. ನಡುವೆ ಒಂದು ಅತಿಯಾಗಿ ಕುಗ್ಗಿ ಮೊಮ್ಮಗಳ ಬೊಂಬೆಯ ತಲೆಗೆ ಸರಿಹೋಯಿತು. ನಾಟಕವೂ ಚೆನ್ನಾಯಿತು, ಚಪ್ಪಾಳೆಯೂ ಬಂತು, ಮೇಷ್ಟ್ರು 3,600 ರೂಪಾಯಿ ಎಣಿಸಿ ಕೊಟ್ಟರು. ನಾನು ಗತ್ತಿನಿಂದ ಪುಸ್ತಕ ತೆಗೆದು ಲಾಭ ಬರೆಯಲು ಕೂತೆ. ಒಂದು ಟೋಪಿಯ ಖರ್ಚು ಹೀಗಿತ್ತು: ನೂಲು 165, ಅಸ್ತರಿ 35, ಸೋಪು ಮತ್ತು ಗ್ಯಾಸ್ 16, ಪಟ್ಟಿ ಮತ್ತು ಬಕಲ್ 20. ಒಟ್ಟು 236 ರೂಪಾಯಿ. 12ಕ್ಕೆ 2,832. ಉಳಿದದ್ದು 768. ಕೆಟ್ಟುಹೋದ ಎರಡು ಟೋಪಿಗಳಲ್ಲಿ ಅಕ್ರಿಲಿಕ್‌ನದಕ್ಕೆ 160, ಬೊಂಬೆಯ ಪಾಲಾದದ್ದಕ್ಕೆ 236. ಅದನ್ನು ಕಳೆದರೆ 372 ರೂಪಾಯಿ ಲಾಭ. ಪರವಾಗಿಲ್ಲ ಅಂದುಕೊಂಡೆ.

ಮೊಮ್ಮಗಳು ಪಕ್ಕದಲ್ಲಿ ಕೂತು ನೋಡುತ್ತಿದ್ದಳು. “ಅಜ್ಜಾ, ಅಜ್ಜಿ ಎಷ್ಟು ಹೊತ್ತು ಹೆಣೆದಳು ಅಂತ ಎಲ್ಲಿ ಬರೀತೀಯ?”

“ಅದನ್ನು ಯಾರು ಬರೆದಿಟ್ಟಿದ್ದಾರೆ ಕಂದಾ?” ಅಂದೆ.

ಒಳಗಿನಿಂದ ಉತ್ತರ ಬಂತು. “ಒಂದಕ್ಕೆ ಒಂಬತ್ತೂವರೆ ಗಂಟೆ. ಎಂಟು ಗಂಟೆ ಹೆಣಿಗೆ, ಒಂದು ಗಂಟೆ ಉಜ್ಜೋದು, ಅರ್ಧ ಗಂಟೆ ಅಸ್ತರಿ. ನೀವು ಕೇಳಲಿಲ್ಲ, ಹೇಳಲಿಲ್ಲ.”

ಕೆಟ್ಟುಹೋದವೂ ಸೇರಿ ಸುಮಾರು 130 ಗಂಟೆ. 372 ರೂಪಾಯಿಯನ್ನು 130ರಿಂದ ಭಾಗಿಸಿದೆ. ಗಂಟೆಗೆ ಮೂರು ರೂಪಾಯಿಯೂ ಬರಲಿಲ್ಲ. ನಾನು ಪೆನ್ನು ಕೆಳಗಿಟ್ಟೆ.

ಆ ರಾತ್ರಿ ನಿದ್ದೆ ಬರದೆ ಮತ್ತೆ ಚಳ್ಳಕೆರೆ ಕಡೆಯ ದಿನಗಳು ನೆನಪಾದವು. ಕಂಬಳಿ ನೇಯುವವರು ಸಾಲಕ್ಕೆ ಬಂದಾಗ ಅರ್ಜಿ ತುಂಬಿಕೊಡುತ್ತಿದ್ದವನು ನಾನೇ. ಉಣ್ಣೆ ಇಷ್ಟು, ಹುರಿ ಗಟ್ಟಿಯಾಗಲು ಹಚ್ಚುವ ಹುಣಸೆ ಬೀಜದ ಗಂಜಿಗೆ ಇಷ್ಟು, ಮಗ್ಗದ ರಿಪೇರಿಗೆ ಇಷ್ಟು, ಸಂತೆಗೆ ಒಯ್ಯಲು ಇಷ್ಟು. ‘ಕೂಲಿ’ ಎಂಬಲ್ಲಿ ಒಂದು ಗೆರೆ ಎಳೆದು ‘ಮನೆಯವರೇ’ ಅಂತ ಬರೆಯುತ್ತಿದ್ದೆ. ಆ ಮನೆಗಳಲ್ಲಿ ಗಂಡಸರು ನೇಯುತ್ತಾರೆ, ಉಣ್ಣೆ ಹಿಂಜಿ ನೂಲುವುದು ಹೆಂಗಸರು. ಒಮ್ಮೆ ಒಬ್ಬ ಮುದುಕಿ ಮಗನ ಜೊತೆ ಬಂದಿದ್ದಳು. ನಾನು ಅರ್ಜಿಯನ್ನು ಓದಿ ಹೇಳಿದಾಗ ಕೇಳಿದಳು:

“ಮನೆಯವರ ಕೈ ಕೈಯಲ್ವೇನಪ್ಪಾ?”

ಎಲ್ಲರೂ ನಕ್ಕರು, ನಾನೂ ನಕ್ಕೆ. ಕಾಗದದ ಮೇಲೆ ಆ ಕಂಬಳಿಗೆ ಒಳ್ಳೆಯ ಲಾಭ ಕಾಣುತ್ತಿತ್ತು. ಆ ಲಾಭ ಅನ್ನುವುದು ಆಕೆಯ ಕೂಲಿಯೇ ಆಗಿತ್ತು ಅಂತ ನನಗೆ ಹೊಳೆಯಲು 40 ವರ್ಷ, 12 ಟೋಪಿ ಬೇಕಾಯಿತು. ಕಂಬಳಿಯ ಬೆಲೆ ಇಳಿದ ವರ್ಷ ಅವರು ಯಾವ ಲೆಕ್ಕದಲ್ಲಿ ಉಂಡರೋ!

ಬೆಳಿಗ್ಗೆ ಎದ್ದು ಹೊಸ ಲೆಕ್ಕ ಹಾಕಿದೆ. ಕೈಕೆಲಸದವರಿಗೆ ಗಂಟೆಗೆ ಎಷ್ಟು ಹಿಡಿಯಬೇಕು? ನನ್ನ ಮನಸ್ಸಿಗೆ ಬಂದದ್ದಾಗಬಾರದು, ಸರ್ಕಾರವೇ ಒಪ್ಪಿದ ಒಂದು ಅಳತೆ ಬೇಕು. ಉದ್ಯೋಗ ಖಾತರಿ ಯೋಜನೆಯಲ್ಲಿ 2025–26ನೇ ಸಾಲಿಗೆ ಕರ್ನಾಟಕಕ್ಕೆ ನಿಗದಿಯಾದ ದಿನಗೂಲಿ 370 ರೂಪಾಯಿ. ಎಂಟು ಗಂಟೆಗೆ ಭಾಗಿಸಿದರೆ ಗಂಟೆಗೆ 46 ರೂಪಾಯಿ ಚಿಲ್ಲರೆ. ಮಣ್ಣು ಹೊರಲು ಇಷ್ಟಿದ್ದರೆ, 45 ವರ್ಷ ಪಳಗಿದ ಕೈಗೆ ಇದಕ್ಕಿಂತ ಕಡಿಮೆ ಹೇಳಲು ನ್ಯಾಯವಿಲ್ಲ.

ಒಂಬತ್ತೂವರೆ ಗಂಟೆಗೆ ಸುಮಾರು 439 ರೂಪಾಯಿ ಕೂಲಿ. ಸಾಮಾನು 236. ಕೂಡಿದರೆ 675. ಇದಕ್ಕೆ ನೂರಕ್ಕೆ ಹತ್ತರಂತೆ 67 ಸೇರಿಸಬೇಕು. ಇದು ಲಾಭವಲ್ಲ, ಮುರಿಯುವ ಕಡ್ಡಿಗೆ, ಬೊಂಬೆಯ ಪಾಲಾಗುವ ಟೋಪಿಗೆ, ಓಡಾಟಕ್ಕೆ. 742 ಆಯಿತು. 750 ಅಂತ ಇಟ್ಟುಕೊಳ್ಳಿ. ಜೊತೆಗೆ ಕೊಡುವ ಸಾಮಾನುಗಳಿಗೂ ಇದೇ ಸೂತ್ರ. ಹಿಂಜಿದ ಬಿಳಿ ಉಣ್ಣೆಯ ಮಾಂತ್ರಿಕನ ಗಡ್ಡಕ್ಕೆ ಉಣ್ಣೆ 25, ಮುಕ್ಕಾಲು ಗಂಟೆಯ ಕೂಲಿ 35, ಮೇಲೆ ಆರು. ಒಟ್ಟು 66 ರೂಪಾಯಿ.

ನಾನು ಇದನ್ನು ನಮ್ಮಾಕೆಗೆ ತೋರಿಸಿದೆ. ಆಕೆ ಕನ್ನಡಕ ಹಾಕಿಕೊಂಡು ಪೂರಾ ಓದಿದಳು. ಖುಷಿಪಡುತ್ತಾಳೆ ಅಂದುಕೊಂಡಿದ್ದೆ. “ಲೆಕ್ಕ ಸರಿ ಐತೆ. ಆದರೆ 750 ಕೊಟ್ಟು ಒಂದು ಸಂಜೆಯ ಟೋಪಿ ಯಾರು ಕೊಳ್ತಾರೆ? ಮೊಬೈಲಿನಲ್ಲಿ 200ಕ್ಕೆ ಬಟ್ಟೇದು ಮನೆಗೇ ಬರುತ್ತೆ” ಅಂದಳು.

ಹೌದಲ್ಲ! ಸರಿಯಾದ ಬೆಲೆ ಹೇಳುವುದು ಒಂದು, ಆ ಬೆಲೆಗೆ ಕೊಳ್ಳುವವರು ಸಿಗುವುದು ಇನ್ನೊಂದು. ಹಾಗಂತ ಕೂಲಿಯನ್ನು ಕಡಿದು 200ಕ್ಕೆ ಇಳಿಯಲು ಹೋದರೆ ಯಂತ್ರದ ಜೊತೆ ಓಟಕ್ಕೆ ಬಿದ್ದಂತೆ. ದಾರಿ ಹುಡುಕಿದವಳು ಆಕೆಯೇ.

“ಇದು ಹತ್ತು ವರ್ಷ ಬಾಳೋ ಟೋಪಿ. ಮಕ್ಕಳಿಗೆ ಬೇಕಿರೋದು ಒಂದು ದಿನ. ಮಾರೋದು ಬ್ಯಾಡ, ಬಾಡಿಗೆಗೆ ಕೊಡೋಣ.”

ಒಂದು ಸಲಕ್ಕೆ 80 ರೂಪಾಯಿ. ಅದರಲ್ಲಿ ಐದು ರೂಪಾಯಿ ಸ್ವಚ್ಛ ಮಾಡಿ ಅಸ್ತರಿ ಒಗೆಯುವುದಕ್ಕೆ. ಹತ್ತು ಸಲ ಹೋಗಿ ಬಂದರೆ 750 ಕೈಗೆ ಬಂದಂತೆ. ಅಲ್ಲಿಂದ ಮುಂದೆ ಬಂದದ್ದು ನಿಜವಾದ ಲಾಭ. ಬಿಕಾಂ ಓದಿದ ನನಗೆ ಇದು ಹೊಳೆಯಲಿಲ್ಲ, ಏಳನೇ ತರಗತಿಗೆ ಶಾಲೆ ಬಿಟ್ಟವಳಿಗೆ ಹೊಳೆಯಿತು.

ಈ ವರ್ಷ ಅದೇ ಮೇಷ್ಟ್ರು ಬಂದು ಜಗಲಿಯಲ್ಲಿ ಕೂತರು. “ಸಾರ್, ಈ ಸಲ 10 ಬೇಕಿತ್ತು, ಅದೇ ರೇಟಾ?” ನಾನು ಬಾಯಿ ತೆರೆಯುವಷ್ಟರಲ್ಲಿ ನಮ್ಮಾಕೆ ಹೊರಗೆ ಬಂದು ನಿಂತಳು. ನಾನು ಎದ್ದು ಒಳಗೆ ಹೋಗಿ ಕಾಫಿ ಸೋಸಿದೆ. ಕೊಳ್ಳುವುದಾದರೆ 750, ಬಾಡಿಗೆಗಾದರೆ 80 ಅಂತ ಆಕೆ ಹೇಳಿದ್ದು ಕೇಳಿಸಿತು. ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಅಮ್ಮಾ, ಹೋದ ವರ್ಷ...” ಅಂತ ಶುರುಮಾಡಿದರು.

“ಹೋದ ವರ್ಷ ನಮ್ಮನೆಯವರು ತಪ್ಪು ಹೇಳಿದ್ರು ಮೇಷ್ಟ್ರೇ. ಕೊಟ್ಟ ಮಾತಿಗೆ ತಪ್ಪಬಾರದು ಅಂತ ನಾನು ಮಾಡಿಕೊಟ್ಟೆ.”

ಅವರು ಆರು ಟೋಪಿ ಬಾಡಿಗೆಗೆ ಒಪ್ಪಿದರು, ನಾಲ್ಕನ್ನು ರಟ್ಟಿನಲ್ಲಿ ಮಾಡಿಕೊಳ್ಳುತ್ತೇವೆ ಅಂದರು. ನಾಲ್ಕು ಕೈತಪ್ಪಿದವು. ಇರಲಿ. ಆರರಿಂದ ಬಂದದ್ದು 480 ರೂಪಾಯಿ. ಹಿಂದಿನ ವರ್ಷ 130 ಗಂಟೆ ದುಡಿದು ಉಳಿದದ್ದು 372 ಅಂತ ನೆನಪಿದೆಯಲ್ಲ? ಈ ಸಲ ಹೊಸದಾಗಿ ಹೆಣೆದಿಟ್ಟ ಆರು ಟೋಪಿಗಳೂ ನಮ್ಮ ಟ್ರಂಕಿನಲ್ಲೇ ಇವೆ, ಮುಂದಿನ ಡಿಸೆಂಬರಿಗೆ.

ಇನ್ನೊಂದು ಮಾತು ಹೇಳದಿದ್ದರೆ ಲೆಕ್ಕ ಪೂರ್ತಿಯಾಗದು. ಅದೇ ವಾರ ಗದ್ದೆ ಕೂಲಿಗೆ ಹೋಗುವ ತಾಯಿಯೊಬ್ಬಳು ಮಗಳನ್ನು ಕರೆದುಕೊಂಡು ಬಂದು, 80 ಅಂದಾಗ ಸುಮ್ಮನೆ ನಿಂತಳು. ನಮ್ಮಾಕೆ ಬೆಲೆ ಇಳಿಸಲಿಲ್ಲ. “ಮನೇಲಿ ಕಂಬಳಿ ಐತಾ?” ಅಂದಳು. ಅಜ್ಜನ ಹಳೆಯ ಕಂಬಳಿ ಇತ್ತಂತೆ. ತರಿಸಿ, ಕೊಪ್ಪೆ ಮಡಿಸುವುದನ್ನು ಆ ಹುಡುಗಿಗೆ ಕಲಿಸಿ, ಚೂಪು ತುದಿಗೆ ಒಂದು ಹೊಲಿಗೆ ಹಾಕಿ, ಬೆಳ್ಳಿ ಕಾಗದದ ನಕ್ಷತ್ರ ಅಂಟಿಸಿ ಕಳಿಸಿದಳು. ಖರ್ಚು ಎರಡು ರೂಪಾಯಿ. ವೇದಿಕೆ ಮೇಲೆ ಆ ಹುಡುಗಿಯ ಟೋಪಿಯೇ ಎಲ್ಲರಿಗಿಂತ ಎತ್ತರ ಇತ್ತು. ನಾನು ಪುಸ್ತಕದಲ್ಲಿ ಆ ಅರ್ಧ ಗಂಟೆಯನ್ನೂ ಬರೆದೆ: ಕೂಲಿ 23 ರೂಪಾಯಿ, ದಾನ. ದಾನವಾದರೂ ಬರೆದಿಟ್ಟು ಕೊಡಬೇಕು. ಆಗಲೇ ಕೊಟ್ಟವರು ಯಾರು ಅಂತ ಗೊತ್ತಾಗುವುದು. 45 ವರ್ಷದ ಕುಲಾವಿಗಳಲ್ಲಿ ಒಂದನ್ನೂ ನಾನು ಬರೆದಿಟ್ಟಿಲ್ಲ.

ಈಗ ನಿಮಗೊಂದು ಲೆಕ್ಕ, ಮಕ್ಕಳೇ. ನಿಮ್ಮ ಅಜ್ಜಿ ನಾಲ್ಕು ಗಂಟೆ ಕೂತು ಒಂದು ಕುಲಾವಿ ಹೆಣೆದರು. ದಾರಕ್ಕೆ 60 ರೂಪಾಯಿ. ಬೆಲೆ ಎಷ್ಟು ಹೇಳಬೇಕು? ಗಂಟೆಗೆ 46 ರೂಪಾಯಿ 25 ಪೈಸೆ ಹಿಡಿಯಿರಿ, ಕೊನೆಗೆ ನೂರಕ್ಕೆ ಹತ್ತು ಸೇರಿಸಿ. 270ರ ಹತ್ತಿರ ಬಂದರೆ ನಿಮ್ಮ ಲೆಕ್ಕ ಸರಿ. 60 ಅಂತ ಬಂದರೆ, ನನ್ನ ಹಾಗೆ ನೀವೂ ಮನೆಯವರಿಗೇ ಟೋಪಿ ಹಾಕಿದ್ದೀರಿ.